ಬೀಗದ ಕೈ ಯಾರ ಬಳಿ? ಜರ್ಮನಿಯ ಸ್ವಯಂ ಆಡಳಿತದ ಯುವ ಕೇಂದ್ರಗಳು: ಒಂದು ವಿವೇಚನೆ

ಜರ್ಮನಿಯಲ್ಲಿ ನೋಂದಾಯಿಸಿಕೊಂಡ ನಮ್ಮ ಕನ್ನಡ ಸಂಘಗಳ ಹೆಸರಿನ ಕೊನೆಯಲ್ಲಿ ‘ಇ. ಫೌ.’ ಎಂಬ ಎರಡಕ್ಷರಗಳಿರುತ್ತವೆ. 1900ರಿಂದ ಜಾರಿಯಲ್ಲಿರುವ ಇಲ್ಲಿನ ನಾಗರಿಕ ಸಂಹಿತೆಯ ಪ್ರಕಾರ ಕನಿಷ್ಠ 7 ಮಂದಿ ಸೇರಿ, ನಿಯಮಾವಳಿ ಬರೆದು, ನ್ಯಾಯಾಲಯದ ದಾಖಲೆಯಲ್ಲಿ ಹೆಸರು ಸೇರಿಸಿದರೆ ಒಂದು ‘ಫೆರೈನ್’, ಎಂದರೆ ನೋಂದಾಯಿತ ಸಂಘ ಹುಟ್ಟುತ್ತದೆ. ಯುಗಾದಿ, ರಾಜ್ಯೋತ್ಸವ ನಡೆಸುವ ನಾವೂ, ಖಾಲಿ ಬಿದ್ದ ಆಸ್ಪತ್ರೆಯೊಂದಕ್ಕೆ ನುಗ್ಗಿ ಅಲ್ಲೇ ನೆಲೆಸಿದ ಬರ್ಲಿನ್ನಿನ ಹುಡುಗ ಹುಡುಗಿಯರೂ ಈ ಒಂದೇ ಕಾನೂನಿನ ನೆರಳಲ್ಲಿ ಕುಳಿತವರು. ಆ ಯುವಜನರ ಚರಿತ್ರೆಯನ್ನು ಇಲ್ಲಿ ವಿವೇಚಿಸಲು ಇದೊಂದು ಕಾರಣ. ಇನ್ನೊಂದು ಕಾರಣವನ್ನು ಕೊನೆಯಲ್ಲಿ ಹೇಳುತ್ತೇನೆ.

ಬರ್ಲಿನ್ನಿನ ಕ್ರಾಯ್ಟ್ಸ್‌ಬೆರ್ಗ್ ಬಡಾವಣೆಯ ಮರಿಯಾನೆನ್‌ಪ್ಲಾಟ್ಸ್ ಚೌಕದಲ್ಲಿ ಬೆಥಾನಿಯೆನ್ ಎಂಬ ಹಳೆಯ ಆಸ್ಪತ್ರೆಯ ಕಟ್ಟಡವಿದೆ. 1847ರಲ್ಲಿ ಆರಂಭವಾದ ಈ ಆಸ್ಪತ್ರೆಯ ಔಷಧಾಲಯದಲ್ಲಿ ಕಾದಂಬರಿಕಾರ ಥಿಯೋಡೋರ್ ಫೊಂಟಾನೆ 1848-49ರಲ್ಲಿ ಕೆಲಸ ಮಾಡಿದ್ದರು. 1970ರಲ್ಲಿ ಆಸ್ಪತ್ರೆ ಮುಚ್ಚಿತು. ಬರ್ಲಿನ್ ಗೋಡೆಗೆ ಅಂಟಿಕೊಂಡಿದ್ದ ಆ ಬಡಾವಣೆಯಲ್ಲಿ ಬಡ ಕಾರ್ಮಿಕ ಕುಟುಂಬಗಳು ಇಕ್ಕಟ್ಟಿನ ಮನೆಗಳಲ್ಲಿದ್ದವು. ಮನೆ ಬಿಟ್ಟು ಬಂದ, ಬಾಲಗೃಹಗಳ ಕಟ್ಟುನಿಟ್ಟಿನಿಂದ ತಪ್ಪಿಸಿಕೊಂಡ ಹದಿಹರೆಯದವರಿಗೆ ತಮ್ಮದೆನ್ನುವ ಜಾಗವೇ ಇರಲಿಲ್ಲ. 1971ರ ಜುಲೈನಲ್ಲಿ ಯುವಕರ ಒಂದು ಗುಂಪು ಅದೇ ಚೌಕದ ಖಾಲಿ ಕಾರ್ಖಾನೆಯೊಂದನ್ನು ಹಿಡಿದು ಯುವ ಕೇಂದ್ರ ಮಾಡಿಕೊಂಡಿತು. ಅದೇ ವರ್ಷ ಡಿಸೆಂಬರ್ 8ರ ರಾತ್ರಿ, ‘ಟೋನ್ ಸ್ಟೈನೆ ಶೆರ್ಬೆನ್’ ಎಂಬ ರಾಕ್ ತಂಡ ಹಾಡಿದ ಸಭೆಯೊಂದು ಮುಗಿದ ಮೇಲೆ, ನೂರಾರು ಮಂದಿ ಬೆಥಾನಿಯೆನ್‌ನ ದಾದಿಯರ ವಸತಿಗೃಹಕ್ಕೆ ನುಗ್ಗಿದರು. ನಾಲ್ಕು ದಿನಗಳ ಹಿಂದೆ ಪೊಲೀಸರ ಗುಂಡಿಗೆ ಬಲಿಯಾಗಿದ್ದ ಗೆಯೋರ್ಗ್ ಫಾನ್ ರೌಖ್‌ನ ಹೆಸರನ್ನು ಆ ಮನೆಗೆ ಇಟ್ಟರು. ಮುಂದೆ ಬರ್ಲಿನ್ ಸರ್ಕಾರದೊಡನೆ ಬಳಕೆಯ ಒಪ್ಪಂದವಾಯಿತು. ಆ ಮನೆ ಇಂದಿಗೂ ಸ್ವಯಂ ಆಡಳಿತದಲ್ಲೇ ನಡೆಯುತ್ತಿದೆ.

ಈ ಕಥೆಯನ್ನು ಜರ್ಮನಿಗೆಲ್ಲ ತಲುಪಿಸಿದ್ದು 1972ರಲ್ಲಿ ಅದೇ ತಂಡ ಹೊರತಂದ ‘ರೌಖ್-ಹೌಸ್-ಸಾಂಗ್’. ಘೋಷಣೆಯ ಹಾಡುಗಳಲ್ಲಿ ಅಪರೂಪವಾದ ಒಂದು ಗುಣ ಇದಕ್ಕಿದೆ. ಘಟನೆಯನ್ನು ನೋಡುವವನು ಕ್ರಾಂತಿಕಾರಿಯಲ್ಲ, ದಾರಿಯಲ್ಲಿ ಹೋಗುವ ಸಾಮಾನ್ಯ ಮನುಷ್ಯ. ಚೌಕದ ತುಂಬ ಪೊಲೀಸರನ್ನು ಕಂಡು ಇವತ್ತೇನು ಹಬ್ಬವೇ ಎಂದು ಕೇಳುವ ಅಮಾಯಕ. ಕೊನೆಯ ಭಾಗದಲ್ಲಿ ಅವನಿಗೆ ಮೆಟ್ರೋ ರೈಲಿನಲ್ಲಿ ಮಗ ಸಿಗುತ್ತಾನೆ. ರೌಖ್-ಹೌಸ್ ತೆರವು ಮಾಡಿಸಿದರೆ ಮಗ ಮತ್ತೆ ಎರಡು ಕೋಣೆಯ ಮನೆಗೇ ಮರಳಬೇಕು ಎಂದು ತಿಳಿದಾಗ ಅಪ್ಪನ ಸಿಟ್ಟು ಮಗನ ಮೇಲೆ ಹೋಗುವುದಿಲ್ಲ, ಆಳುವವರ ಮೇಲೆ ಹೋಗುತ್ತದೆ. ಯುವಕರ ಬಂಡಾಯವನ್ನು ಅಪ್ಪನ ಬಾಯಿಂದ ಸಮರ್ಥಿಸುವ ಈ ಜಾಣ್ಮೆಯೇ ಹಾಡಿನ ಶಕ್ತಿ.

ಅದರ ಮಿತಿಯೂ ಇಲ್ಲೇ ಇದೆ. ಇದು ಬಾಗಿಲಲ್ಲಿ ನಿಂತವರ ಹಾಡು. ಒಳಗೆ ಹೋಗುವುದಿಲ್ಲ. ಪೊಲೀಸರು, ಪತ್ರಿಕೆ, ಕಟ್ಟಡದ ಸಟ್ಟಾದಾರರು ಎಲ್ಲರೂ ಅದರಲ್ಲಿದ್ದಾರೆ. ಮರುದಿನ ಬೆಳಿಗ್ಗೆ ಪಾತ್ರೆ ತೊಳೆದವರು, ಕಲ್ಲಿದ್ದಲು ತಂದವರು, ಕುಡಿದು ಬಂದವನನ್ನು ಮಲಗಿಸಿದವರು ಇಲ್ಲ. ಆ ಕಾಲದ ಕಾನೂನನ್ನು ನೆನೆದರೆ ಈ ಒಳಗಿನ ಕೆಲಸದ ತೂಕ ತಿಳಿಯುತ್ತದೆ. 1975ರ ಜನವರಿ 1ರವರೆಗೆ ಪಶ್ಚಿಮ ಜರ್ಮನಿಯಲ್ಲಿ 21 ತುಂಬದವರೆಲ್ಲ ಅಪ್ರಾಪ್ತರು. 20 ವರ್ಷದವನು ತಾನಾಗಿ ಒಂದು ಬಾಡಿಗೆ ಕರಾರಿಗೂ ಸಹಿ ಹಾಕುವಂತಿರಲಿಲ್ಲ. ಸಹಿಯ ಹಕ್ಕೇ ಇಲ್ಲದವರು ಮನೆ ನಡೆಸಿ ತೋರಿಸಿದ್ದು ನುಗ್ಗಿದ ರಾತ್ರಿಗಿಂತ ದೊಡ್ಡ ಸಾಹಸ ಎಂದು ನನಗನ್ನಿಸುತ್ತದೆ. ಹೆಸರಿನ ಆಯ್ಕೆಯ ಬಗ್ಗೆಯೂ ಒಂದು ಆಕ್ಷೇಪ ಹೇಳಲೇಬೇಕು. ರೌಖ್ ಸಶಸ್ತ್ರ ಹೋರಾಟದ ವಲಯದಲ್ಲಿದ್ದವನು. ತಲೆಯ ಮೇಲೊಂದು ಸೂರು ಬೇಕೆಂದು ಬಂದ ಹದಿನಾರರ ಹುಡುಗಿಯ ತಲೆಗೂ ಆ ಹೆಸರು ಅಂಟಿಕೊಂಡಿತು. 1972ರ ಏಪ್ರಿಲ್‌ನಲ್ಲಿ ಪೊಲೀಸರು ಮನೆ ಶೋಧಿಸಿದಾಗ, ಬಾಂಬ್ ತಯಾರಿಸುವ ತಾಣ ಎಂಬ ಸುದ್ದಿಗೆ ಆ ಹೆಸರೂ ಸೌದೆಯಾಗಿರಬೇಕು.

ಸ್ವಯಂ ಆಡಳಿತದ ಬೇಡಿಕೆ ಬರ್ಲಿನ್ನಿಗೆ ಸೀಮಿತವಾಗಿರಲಿಲ್ಲ. ಹ್ಯಾನೋವರ್‌ನಲ್ಲಿ 1972ರಲ್ಲಿ, ಮ್ಯಾನ್‌ಹೈಮ್‌ನಲ್ಲಿ 1973ರಲ್ಲಿ ಇಂಥ ಕೇಂದ್ರಗಳು ತೆರೆದವು. ಅದೇ 1973ರಲ್ಲಿ ನ್ಯೂರೆಂಬರ್ಗ್‌ನಲ್ಲಿ ನಡೆದ ಪ್ರಯೋಗ ಬೇರೆ ಬಗೆಯದು. ಅಲ್ಲಿ ಯಾರೂ ನುಗ್ಗಬೇಕಾಗಲಿಲ್ಲ. ಸಂಸ್ಕೃತಿ ನಾಗರಿಕನ ಹಕ್ಕು ಎಂದು ವಾದಿಸುತ್ತಿದ್ದ, ನಗರಸಭೆಯ ಸಂಸ್ಕೃತಿ ವಿಭಾಗದ ಮುಖ್ಯಸ್ಥ ಹೆರ್ಮಾನ್ ಗ್ಲಾಸರ್ ಅವರ ಕಾಲದಲ್ಲಿ, ರೈಲು ನಿಲ್ದಾಣದ ಎದುರಿನ ಹಳೆಯ ಕಲಾವಿದರ ಭವನ ‘ಕೊಮ್’ ಎಂಬ ಕೇಂದ್ರವಾಯಿತು. ಕಟ್ಟಡವೂ ಹಣವೂ ನಗರದ್ದು. ತೀರ್ಮಾನ ಮಾತ್ರ ಬಂದವರೆಲ್ಲ ಕೂಡುವ ಮಹಾಸಭೆಯದ್ದು.

ಕೊಮ್‌ನ ಚರಿತ್ರೆ ಎಂದರೆ ಜನ ನೆನೆಯುವುದು 1981ರ ಮಾರ್ಚ್ 5ನ್ನು. ಖಾಲಿ ಮನೆಗಳನ್ನು ಹಿಡಿದ ಡಚ್ ಯುವಕರ ಕುರಿತ ಚಿತ್ರವೊಂದನ್ನು ನೋಡಿ ಹೊರಟ ಮೆರವಣಿಗೆಯಲ್ಲಿ ಕೆಲವು ಗಾಜುಗಳು ಒಡೆದವು. ಪೊಲೀಸರು ಕಟ್ಟಡವನ್ನು ಸುತ್ತುವರಿದರು. 141 ಮಂದಿಯನ್ನು ಜೈಲಿಗೆ ಕಳಿಸಲಾಯಿತು, ಅವರಲ್ಲಿ ಶಾಲೆಗೆ ಹೋಗುವ ಮಕ್ಕಳೂ ಇದ್ದರು. ಬಂಧನದ ಆದೇಶಗಳು ಒಂದೇ ಒಕ್ಕಣೆಯ ನಕಲು ಪ್ರತಿಗಳಾಗಿದ್ದವು. ಯಾರು ಗಾಜು ಒಡೆದರು, ಯಾರು ಚಹಾ ಕುಡಿಯುತ್ತ ಕುಳಿತಿದ್ದರು ಎಂಬ ಭೇದವನ್ನು ಕಾಗದ ಮಾಡಲಿಲ್ಲ. ಮೊದಲ ತಂಡದ ವಿಚಾರಣೆ ಅದೇ ವರ್ಷ ಆರಂಭವಾಗಿ ನಡುವೆಯೇ ಕುಸಿಯಿತು. ತಂದೆತಾಯಿಗಳು ಬೀದಿಗಿಳಿದರು, ದೇಶವೆಲ್ಲ ಮಾತಾಡಿತು.

ಇದು ದೊಡ್ಡ ಅನ್ಯಾಯ, ಸಂಶಯವಿಲ್ಲ. ಆದರೆ ಈ ಒಂದು ರಾತ್ರಿಯ ಬೆಳಕಿನಲ್ಲಿ ಉಳಿದ ಇಪ್ಪತ್ತಕ್ಕೂ ಹೆಚ್ಚು ವರ್ಷಗಳು ಕತ್ತಲಾಗಿಬಿಟ್ಟಿವೆ. ಮಹಾಸಭೆ ಎಂದರೆ ಯಾರ ಸಭೆ? ಮಧ್ಯರಾತ್ರಿಯವರೆಗೆ ಕೂರಲು ಪುರುಸೊತ್ತಿದ್ದವರದು, ಗಟ್ಟಿ ಗಂಟಲಿನವರದು. ಬೆಳಿಗ್ಗೆ ಆರಕ್ಕೆ ಕೆಲಸಕ್ಕೆ ಹೋಗಬೇಕಾದ ಹುಡುಗ, ಭಾಷೆ ತಡವರಿಸುವ ವಲಸಿಗರ ಮಗಳು ಅಲ್ಲಿ ಕೈ ಎತ್ತುವುದು ಕಷ್ಟ. ‘ಎಲ್ಲರೂ ಸಮಾನರು’ ಎಂದು ಸಾರಿದ ಮಾತ್ರಕ್ಕೆ ಈ ಅಂತರ ಹೋಗುವುದಿಲ್ಲ. ಕೆಲಸದ ಸರದಿ ಹಂಚಿ, ಲೆಕ್ಕ ಗೋಡೆಗೆ ಹಚ್ಚಿ, ಬೀಗದ ಕೈ ಕೈ ಬದಲಾಯಿಸುತ್ತ ಇದ್ದರೆ ಮಾತ್ರ ಅದು ತಗ್ಗೀತು. 1996ರಲ್ಲಿ ನಗರದ ಅಧಿಕಾರ ಬೇರೆ ಪಕ್ಷಕ್ಕೆ ಹೋದ ಮೇಲೆ ಕೊಮ್‌ನ ಸ್ವಯಂ ಆಡಳಿತ ಮುಗಿಯಿತು. ಕಟ್ಟಡ ಸಂಸ್ಕೃತಿ ಕೇಂದ್ರವಾಗಿಯೇ ಉಳಿಯಿತು, ಮಹಾಸಭೆ ಉಳಿಯಲಿಲ್ಲ. ರೌಖ್-ಹೌಸ್ ಉಳಿಯಿತು. ಅಲ್ಲಿದ್ದವರಿಗೆ ಅದು ವಾಸದ ಮನೆ. ಸೋರುವ ಮಾಡು ತಮ್ಮದೇ ತಲೆಯ ಮೇಲೆ ಸೋರುತ್ತಿತ್ತು. ವ್ಯತ್ಯಾಸಕ್ಕೆ ಇದೂ ಒಂದು ಕಾರಣವೆಂದು ನನ್ನ ಊಹೆ.

ನಮ್ಮ ನೆಲದಲ್ಲೇ ಇದಕ್ಕೊಂದು ಹೋಲಿಕೆಯಿದೆ. ಸಾಗರದ ಹತ್ತಿರದ ಹೆಗ್ಗೋಡಿನಲ್ಲಿ 1949ರಲ್ಲಿ ನೀಲಕಂಠೇಶ್ವರ ನಾಟ್ಯ ಸೇವಾ ಸಂಘ ಹುಟ್ಟಿದಾಗ ಕೆ. ವಿ. ಸುಬ್ಬಣ್ಣ ಅವರಿಗೆ 17 ವರ್ಷ. ನೀನಾಸಂ 1972ರಲ್ಲಿ ರಂಗಮಂದಿರ ಕಟ್ಟಿತು, 1973ರಲ್ಲಿ ಚಿತ್ರಸಮಾಜ, 1980ರಲ್ಲಿ ರಂಗಶಿಕ್ಷಣ ಕೇಂದ್ರ, 1985ರಲ್ಲಿ ತಿರುಗಾಟ ಆರಂಭಿಸಿತು. ಅಲ್ಲಿ ಮುತ್ತಿಗೆಯ ರಾತ್ರಿ ಇಲ್ಲ, ಹಾಡಾಗುವ ಘಟನೆ ಇಲ್ಲ. ಅಡಿಕೆ ತೋಟದ ಕೆಲಸ ಮುಗಿಸಿ ಬಂದು ಪರದೆ ಕಟ್ಟಿದವರ ದೀರ್ಘ ದುಡಿಮೆಯಿದೆ. ಬರ್ಲಿನ್ ಮತ್ತು ಹೆಗ್ಗೋಡುಗಳನ್ನು ಒಂದೇ ತಕ್ಕಡಿಗೆ ಹಾಕುತ್ತಿಲ್ಲ. ಹಿರಿಯರ ಒಲವು ಇಲ್ಲಿತ್ತು, ಅಲ್ಲಿರಲಿಲ್ಲ. ಆದರೂ ಎರಡು ಕಡೆಯೂ ಎಳೆಯರು ನಾಲ್ಕು ಗೋಡೆಗಳ ಹೊಣೆ ಹೊತ್ತರು.

ಈಗ ಮೊದಲು ಹೇಳಿದ ಎರಡನೆಯ ಕಾರಣಕ್ಕೆ ಬರುತ್ತೇನೆ. ನಮ್ಮ ಮಕ್ಕಳು ದೀಪಾವಳಿಯಲ್ಲಿ ಕುಣಿಯುತ್ತಾರೆ, ನಿರೂಪಣೆ ಮಾಡುತ್ತಾರೆ, ಕುರ್ಚಿ ಜೋಡಿಸುತ್ತಾರೆ. ಯಾವ ನಾಟಕ, ಎಷ್ಟು ಖರ್ಚು, ಯಾವ ಸಭಾಂಗಣ ಎಂಬುದನ್ನು ನಾವು ತೀರ್ಮಾನಿಸುತ್ತೇವೆ. ಕೆಲವು ವರ್ಷ ಸಮಿತಿಯಲ್ಲಿದ್ದಾಗ ನಾನೂ ಹಾಗೆಯೇ ಮಾಡಿದೆ. ಸಭಾಂಗಣದ ಬೀಗದ ಕೈಯನ್ನು ನನ್ನ ಜೇಬಿನಿಂದ ತೆಗೆಯಲಿಲ್ಲ. ಠೇವಣಿ ನಮ್ಮದು, ಏನಾದರೂ ಮುರಿದರೆ ಯಾರು ಹೊಣೆ ಎಂದು ಹೆದರಿದ್ದೆ. ಹದಿನೆಂಟು ತುಂಬುತ್ತಲೇ ಆ ಹುಡುಗರು ಒಬ್ಬೊಬ್ಬರಾಗಿ ಬರುವುದು ನಿಲ್ಲಿಸಿದಾಗ, ಕನ್ನಡ ಮರೆತರು ಎಂದು ಕೊರಗಿದೆ. ಅವರು ಮರೆತದ್ದು ಕನ್ನಡವನ್ನಲ್ಲ. ಅಲ್ಲಿ ಅವರಿಗೆ ಮಾಡಲು ಕೆಲಸವೇ ಇರಲಿಲ್ಲ.

ಇದಕ್ಕೆ ಯಾವ ಕಟ್ಟಡಕ್ಕೂ ನುಗ್ಗಬೇಕಿಲ್ಲ. ಪೋಷಕರ ಒಪ್ಪಿಗೆಯಿದ್ದರೆ ಅಪ್ರಾಪ್ತರೂ ಫೆರೈನ್‌ನ ಸದಸ್ಯರಾಗಬಹುದು. ನಿಯಮಾವಳಿಯಲ್ಲಿ ಬರೆದುಕೊಂಡರೆ 16ರವರಿಗೂ ಮಹಾಸಭೆಯಲ್ಲಿ ಮತ ಕೊಡಬಹುದು. ವರ್ಷಕ್ಕೊಂದು ಕಾರ್ಯಕ್ರಮವನ್ನು ಹಣದ ಸಮೇತ ಅವರಿಗೇ ಬಿಡಬಹುದು. ಅದು ಕೆಟ್ಟರೆ ಕೆಡಲಿ, ನಮ್ಮವೂ ಎಷ್ಟೋ ಕೆಟ್ಟಿವೆ. ಮುಂದಿನ ಮಹಾಸಭೆಯ ವಿಷಯಪಟ್ಟಿಯಲ್ಲಿ ಈ ಮೂರನ್ನೂ ಸೇರಿಸಬೇಕೆಂದು ಸದಸ್ಯರಲ್ಲಿ ನನ್ನ ವಿನಂತಿ.