ಇ.ಆರ್.ಸಿ.ಸಿ.-1 ಪ್ರೋಟೀನು ಮತ್ತು ಶ್ವಾಸಕೋಶದ ಕ್ಯಾನ್ಸರು: ಒಂದು ವಿಮರ್ಶೆ

ಶ್ವಾಸಕೋಶದಿಂದ ಕತ್ತರಿಸಿ ತೆಗೆದ ಗೆಡ್ಡೆಯ ಪ್ರೋಟೀನುಗಳನ್ನು ಪರೀಕ್ಷಿಸಿ ರೋಗಿಯ ಮುಂದಿನ ಗತಿಯನ್ನು ತಿಳಿಯಬಹುದೆಂಬ ನಂಬಿಕೆಯಿಂದ ಹುಟ್ಟಿದ ಪ್ರಬಂಧಗಳು ಅನೇಕ. ಅವುಗಳಲ್ಲಿ ಬಹುವಾಗಿ ಚರ್ಚಿತವಾದ ಒಂದರ ಗುಣದೋಷಗಳನ್ನು ಇಲ್ಲಿ ವಿವೇಚಿಸಿದೆ. ಫ್ರಾನ್ಸಿನ ಓಲಾಸೆನ್, ಸೋರಿಯಾ ಮತ್ತು ಸಂಗಡಿಗರು 2006ರಲ್ಲಿ 'ನ್ಯೂ ಇಂಗ್ಲೆಂಡ್ ಜರ್ನಲ್ ಆಫ್ ಮೆಡಿಸಿನ್' ಪತ್ರಿಕೆಯಲ್ಲಿ ಪ್ರಕಟಿಸಿದ ಪ್ರಬಂಧವದು.

ಸಿಸ್‌ಪ್ಲಾಟಿನ್ ಔಷಧವು ಜೀವಕೋಶದ ಡಿ.ಎನ್.ಎ.ಯನ್ನು ಕೆಡಿಸಿ ಅದನ್ನು ಕೊಲ್ಲುತ್ತದೆ, ಇ.ಆರ್.ಸಿ.ಸಿ.-1 ಆ ಕೇಡನ್ನು ಸರಿಪಡಿಸುವ ಕಾರ್ಯದಲ್ಲಿ ಪಾಲುಗೊಳ್ಳುತ್ತದೆ. ಆದುದರಿಂದ ಈ ಪ್ರೋಟೀನು ಇಲ್ಲದ ಗೆಡ್ಡೆಗೆ ಔಷಧ ಹೆಚ್ಚು ನಾಟಬೇಕೆಂಬುದು ಲೇಖಕರ ತರ್ಕ. ಪರೀಕ್ಷಿಸಿದ 761 ಗೆಡ್ಡೆಗಳಲ್ಲಿ 335ರಲ್ಲಿ, ಎಂದರೆ ಶೇಕಡ 44ರಲ್ಲಿ, ಪ್ರೋಟೀನು ಕಂಡುಬಂದಿತು. ಅದು ಕಾಣದವರಲ್ಲಿ ಔಷಧದಿಂದ ಮರಣದ ಸಂಭವ ಸುಮಾರು ಮೂರನೆಯ ಒಂದು ಪಾಲು ತಗ್ಗಿತು, ಕಂಡವರಿಗೆ ಪ್ರಯೋಜನವಾಗಲಿಲ್ಲ. ಔಷಧ ಪಡೆಯದವರಲ್ಲಾದರೋ ಪ್ರೋಟೀನುಳ್ಳವರೇ ಹೆಚ್ಚು ಕಾಲ ಬದುಕಿದರು. ರೋಗದ ಸಹಜಗತಿ ಬೇರೆ, ಚಿಕಿತ್ಸೆಯ ಫಲ ಬೇರೆ ಎಂಬ ಭೇದವನ್ನು ಇಷ್ಟು ಸ್ಪಷ್ಟವಾಗಿ ತೋರಿಸಿದುದು ಈ ಪ್ರಬಂಧದ ಹಿರಿಮೆ. ಔಷಧ ಪಡೆಯದ ಗುಂಪೊಂದು ಮೂಲಪ್ರಯೋಗದಲ್ಲಿದ್ದುದರಿಂದಲೇ ಇದು ಸಾಧ್ಯವಾಯಿತು.

ಆದರೆ ಇಷ್ಟೂ ವಾದ ನಿಂತಿದ್ದುದು '8 ಎಫ್ 1' ಎಂಬ ಒಂದು ಪ್ರತಿಕಾಯದ ಮೇಲೆ. 2013ರಲ್ಲಿ ಅದೇ ತಂಡದವರು ಹೊಸದಾಗಿ ತಯಾರಾದ ಅದೇ ಪ್ರತಿಕಾಯದಿಂದ ಹಳೆಯ ಗೆಡ್ಡೆಗಳಿಗೆ ಮತ್ತೆ ಬಣ್ಣ ಕಟ್ಟಿದಾಗ ಶೇಕಡ 44 ಇದ್ದುದು 77ಕ್ಕೆ ಏರಿತು. ಬೇರೆ ಎರಡು ಪ್ರಯೋಗಗಳ 494 ರೋಗಿಗಳಲ್ಲಿ ಹಿಂದಿನ ನಿರ್ಣಯಕ್ಕೆ ಸಮರ್ಥನೆ ದೊರೆಯಲಿಲ್ಲ. ಈ ಪ್ರೋಟೀನಿಗೆ ನಾಲ್ಕು ರೂಪಗಳುಂಟು. ಸಿಸ್‌ಪ್ಲಾಟಿನ್ ಮಾಡಿದ ಕೇಡನ್ನು ಸರಿಪಡಿಸಬಲ್ಲುದು ಒಂದೇ. ಮಾರುಕಟ್ಟೆಯಲ್ಲಿದ್ದ 16 ಪ್ರತಿಕಾಯಗಳಲ್ಲಿ ಯಾವುದೂ ಅದನ್ನು ಬೇರ್ಪಡಿಸಿ ತೋರಿಸಲಾರದೆ ಹೋಯಿತು.

ಇಲ್ಲಿ ಸೋತದ್ದು ಗಣಿತವಲ್ಲ, ಗಣಿತಕ್ಕೆ ಒದಗಿಸಿದ ಸಾಕ್ಷ್ಯ. ರೋಗಿಗಳ ಸಂಖ್ಯೆ ಎಷ್ಟೇ ದೊಡ್ಡದಿರಲಿ, ಬಣ್ಣ ಯಾವುದಕ್ಕೆ ಹತ್ತಿದೆಯೆಂದು ತಿಳಿಯದಿದ್ದರೆ ಎಣಿಕೆಗೆ ಅರ್ಥವಿಲ್ಲ. ಈ ಸೂಚಕವನ್ನೇ ನಂಬಿದ ವೈದ್ಯನು ಫಲಕಾರಿಯಾಗಬಹುದಾದ ಔಷಧವನ್ನು ರೋಗಿಗೆ ನಿರಾಕರಿಸುವ ಅಪಾಯವಿತ್ತೆಂಬುದನ್ನು ಮರೆಯಲಾಗದು. ಪ್ರಬಂಧಕಾರರು ಬಳಸಿದ ವಿಧಾನವನ್ನೂ ದ್ರವ್ಯಗಳನ್ನೂ ವಿವರಿಸಬೇಕೆಂದು 2005ರ 'ರಿಮಾರ್ಕ್' ಸೂತ್ರಗಳು ವಿಧಿಸಿದ್ದವು. ವಿವರಿಸಿದರೆ ಸಾಲದು, ಅವು ನಂಬತಕ್ಕವೆಂದು ಸಿದ್ಧಪಡಿಸಲೂಬೇಕೆಂಬುದು ಈ ಪ್ರಕರಣದ ಪಾಠ.

ತಾವು ಕಟ್ಟಿದ್ದನ್ನು ತಾವೇ ಒರೆಗೆ ಹಚ್ಚಿ, ಪ್ರತಿಕೂಲ ಫಲವನ್ನು ಅದೇ ಪತ್ರಿಕೆಯಲ್ಲಿ ಪ್ರಕಟಿಸಿದ ಆ ತಂಡದ ಪ್ರಾಮಾಣಿಕತೆ ಶ್ಲಾಘ್ಯ. ಹೊಸ ಸೂಚಕಗಳ ಪ್ರಬಂಧಗಳನ್ನು ಓದುವವರು ಬದುಕುಳಿದವರ ರೇಖಾಚಿತ್ರಕ್ಕೆ ಮಾರುಹೋಗುವ ಮೊದಲು ಪ್ರತಿಕಾಯದ ಪರೀಕ್ಷೆ ಹೇಗೆ ನಡೆಯಿತೆಂದು ಕೇಳುವುದು ಯುಕ್ತ.