ಕೋಲು ನೋಡಬ್ಯಾಡ, ಹಾಡು ಕೇಳು

ಬ್ಯಾಡಗಿ ಕಡೆಯ ಒಂದು ಹಳ್ಳಿ, ಗೌರಿ ಹುಣ್ಣಿವಿ ರಾತ್ರಿ. ಸಕ್ಕರೆ ಆರತಿ ಹಿಡಿದು ಬಂದಿದ್ದ ಹುಡುಗಿಯರು ಆರತಿ ಮುಗಿಸಿ ಗುಡಿಯ ಅಂಗಳದಲ್ಲಿ ಕೋಲು ಹಿಡಿದು ನಿಂತರು. ಹನ್ನೆರಡು ಜನ, ಆರು ಜೋಡಿ. ಹಿರಿಯಳೊಬ್ಬಳು ಪದ ಎತ್ತಿದಳು, ಉಳಿದವರು ಅದನ್ನೇ ತಿರುಗಿ ಹೇಳಿದರು. ಒಂದು ಪೆಟ್ಟು ತನ್ನ ಕೋಲಿಗೆ ತಾನೇ, ಮುಂದಿನದು ಎದುರಿನವಳ ಕೋಲಿಗೆ, ಆಮೇಲೆ ಅರ್ಧ ಸುತ್ತು ತಿರುಗಿ ಬೆನ್ನ ಹಿಂದಿನವಳ ಕೋಲಿಗೆ. ಅವರಲ್ಲಿ ಹತ್ತು ವರ್ಷದವಳೊಬ್ಬಳು ಮತ್ತೆ ಮತ್ತೆ ತಪ್ಪುತ್ತಿದ್ದಳು. ಅವಳ ಕಣ್ಣೆಲ್ಲ ಎದುರಿನ ಕೋಲಿನ ಮೇಲೆ. ಪದ ಹೇಳುತ್ತಿದ್ದಾಕೆ ಹಾಡು ನಿಲ್ಲಿಸದೆ ಅದರ ಓಟ ತಗ್ಗಿಸಿದಳು. ಸಾಲು ಮುಗಿದ ಮೇಲೆ, "ಕೋಲು ನೋಡಬ್ಯಾಡವ್ವಾ, ಹಾಡು ಕೇಳು" ಅಂದಳು.

ಹಾವೇರಿ, ರಾಣೆಬೆನ್ನೂರು, ಬ್ಯಾಡಗಿ ಸೀಮೆಯ ಹೆಣ್ಣುಮಕ್ಕಳ ಹಾಡು-ಕುಣಿತದ ತಿರುಳನ್ನು ಇದಕ್ಕಿಂತ ಚಿಕ್ಕದಾಗಿ ಯಾರೂ ಹೇಳಲಾರರು. ಇಲ್ಲಿ ತಾಳ ಹಾಡಿನೊಳಗೇ ಇದೆ. ಕಿವಿ ಹಾಡಿನ ಮೇಲಿದ್ದರೆ ಕೈ ತಾನಾಗಿ ಬರುತ್ತದೆ.

ಈ ಸೀಮೆಯಲ್ಲಿ ಇಂಥ ಆಟಗಳಿಗೆ ಬರವಿಲ್ಲ. ಆಷಾಢದ ಮಂಗಳವಾರಗಳಲ್ಲಿ ಹುಡುಗಿಯರು ಎರೆಮಣ್ಣು ತಂದು ಗುಳ್ಳವ್ವನನ್ನು ಮಾಡಿ, ಗುಲಗಂಜಿ ಒತ್ತಿ ಸಿಂಗರಿಸಿ, ಹಾಡುತ್ತ ಮನೆ ಮನೆಗೆ ಒಯ್ಯುತ್ತಾರೆ. ಕೊನೆಯ ವಾರ ಬುತ್ತಿ ಕಟ್ಟಿಕೊಂಡು ಊರ ಹೊರಗೆ ಹೋಗಿ ಉಂಡು, ಆಡಿ, ಅವಳನ್ನು ನೀರಿಗೆ ಬಿಟ್ಟು ಬರುತ್ತಾರೆ. ಪಂಚಮಿಗೆ ಜೋಕಾಲಿಯ ಹಾಡು. ಸಂದು ಸಿಕ್ಕಾಗಲೆಲ್ಲ ಕೈಗೆ ಕೈ ಹೆಣೆದು, ಹಿಂದಕ್ಕೆ ಬಾಗಿ, ಗರಗರ ತಿರುಗುವ ಫುಗಡಿ. ಡೊಳ್ಳು, ಹಲಗೆ, ಕರಡಿ ಬಹುಕಾಲ ಗಂಡಸರ ಕೈಯಲ್ಲೇ ಇದ್ದವು. ಹೆಣ್ಣುಮಕ್ಕಳಿಗೆ ಉಳಿದದ್ದು ಕೊರಳು, ಅಂಗೈ, ಎರಡು ಕೋಲು. ಇಷ್ಟರಲ್ಲೇ ಅವರು ಒಂದು ತುಂಬು ಕಲೆಯನ್ನು ಕಟ್ಟಿಕೊಂಡರು.

ದೂರದ ಅಮೆರಿಕದ ಹಳ್ಳಿಗಳಲ್ಲೂ ಹೀಗೇ ಆಗಿತ್ತು. ಪಿಟೀಲು ಸೈತಾನನ ವಾದ್ಯ, ಕುಣಿತ ಪಾಪ ಎಂದು ಅಲ್ಲಿಯ ಎಷ್ಟೋ ಚರ್ಚುಗಳು ತಡೆದವು. ತರುಣ ತರುಣಿಯರು ವಾದ್ಯ ಬಿಟ್ಟು, ತಾವೇ ಹಾಡುತ್ತ, ಚಪ್ಪಾಳೆ ತಟ್ಟುತ್ತ, ಜೋಡಿ ಬದಲಿಸುತ್ತ ಸುತ್ತಿದರು. ಕುಣಿತ ಅನ್ನದೆ ಅದನ್ನು 'ಆಟದ ಕೂಟ' ಅಂದರು. ಒಕ್ಲಹೋಮದ ಇಂಥ ಹಾಡುಗಳ ಮೇಲೆ ಬಿ. ಎ. ಬಾಟ್ಕಿನ್ 1937ರಲ್ಲಿ ಪುಸ್ತಕವನ್ನೇ ಬರೆದರು. ವಾದ್ಯ ಕೈಗೆ ಸಿಗದ ಕಡೆ ಕೊರಳೇ ವಾದ್ಯವಾಗುತ್ತದೆ ಎಂಬುದಕ್ಕೆ ಎರಡೂ ನೆಲ ಸಾಕ್ಷಿ.

ಈಗ ನಮ್ಮ ಸೀಮೆಯ ಈ ಆಟಗಳು ಅಂಗಳದಿಂದ ವೇದಿಕೆಗೆ ಬಂದಿವೆ. ರಾಣೆಬೆನ್ನೂರಿನ ಒಂದು ಶಾಲಾ ವಾರ್ಷಿಕೋತ್ಸವದಲ್ಲಿ ಕೋಲಾಟ ನೋಡಿದೆ. ಒಂದೇ ಬಣ್ಣದ ಇಳಕಲ್ ಸೀರೆ, ಒಂದೇ ಥರದ ದಂಡೆ, ಬಣ್ಣದ ಕಾಗದ ಸುತ್ತಿದ ಕೋಲು. ಸ್ಪೀಕರಿನಲ್ಲಿ ರೆಕಾರ್ಡ್ ಹಾಡು. ಹುಡುಗಿಯರು ಚೆನ್ನಾಗಿಯೇ ಕುಣಿದರು, ಆದರೆ ಒಬ್ಬರ ಬಾಯೂ ಆಡಲಿಲ್ಲ. ಸುತ್ತು ಬಿಚ್ಚಿ ಸಾಲಾಗಿತ್ತು, ಎಲ್ಲರ ಮುಖ ಪ್ರೇಕ್ಷಕರ ಕಡೆಗೆ. ನಡುವೆ ಒಬ್ಬಳು ಹೆಜ್ಜೆ ತಪ್ಪಿದಳು. ಹಾಡು ಅವಳನ್ನು ಬಿಟ್ಟು ಮುಂದೆ ಹೋಯಿತು. ಕುಣಿತ ಮುಗಿಯುವ ತನಕ ಅವಳು ಪಕ್ಕದವಳ ಕಾಲು ನೋಡುತ್ತಲೇ ಇದ್ದಳು.

ನನ್ನ ಆಕ್ಷೇಪ ಸೀರೆಯ ಮೇಲಲ್ಲ, ದೀಪದ ಮೇಲಲ್ಲ, ಆ ರೆಕಾರ್ಡಿನ ಮೇಲೆ. ಕೋಲಾಟದಲ್ಲಿ ಪದ ಹೇಳುವವಳು ಇಡೀ ಸುತ್ತಿನ ಉಸಿರು ಬಲ್ಲವಳು. ದಣಿದವರಿಗೆ ತಗ್ಗಿಸುತ್ತಾಳೆ, ಹುರುಪು ಬಂದಾಗ ಏರಿಸುತ್ತಾಳೆ, ಹೊಸ ಸಾಲು ಸೇರಿಸುತ್ತಾಳೆ. ರೆಕಾರ್ಡ್ ಬಂದ ಗಳಿಗೆಗೆ ಅವಳ ಕೆಲಸ ಹೋಯಿತು. ಅವಳ ಜೊತೆಗೆ ಪದಗಳೂ ಹೋಗುತ್ತವೆ, ಏಕೆಂದರೆ ಹಿಮ್ಮೇಳದಲ್ಲಿ ತಿರುಗಿ ಹೇಳಿ ಹೇಳಿಯೇ ಚಿಕ್ಕವರು ಅವನ್ನು ಕಲಿಯುತ್ತಿದ್ದುದು.

ಹಾಗೆಂದು ಅಂಗಳವನ್ನು ಕಣ್ಣುಮುಚ್ಚಿ ಹೊಗಳಲಾರೆ. ಕೇರಿ ಕೇರಿಗೂ ಬೇರೆ ಬೇರೆ ಬಳಗವಿತ್ತು. ಗಂಡ ಸತ್ತವಳು ಆರತಿ ಹಿಡಿಯುವಂತಿರಲಿಲ್ಲ, ಅವಳು ಎಷ್ಟು ಪದ ಬಲ್ಲವಳಾದರೂ ಕಟ್ಟೆಯ ಮೇಲೆ ಕೂತು ನೋಡಬೇಕಿತ್ತು. ದೊಡ್ಡವಳಾದ ಹುಡುಗಿಯ ಆಟಕ್ಕೆ ಮನೆಯವರೇ ಲಗಾಮು ಹಾಕುತ್ತಿದ್ದರು. ಆ ಗೋಡೆಗಳಲ್ಲಿ ಕೆಲವನ್ನಾದರೂ ಕೆಡವಿದ್ದು ಶಾಲೆ. ಎಲ್ಲ ಕೇರಿಯ ಹುಡುಗಿಯರೂ ಇಂದು ಒಂದೇ ಸಾಲಿನಲ್ಲಿ ಕೋಲು ಹಿಡಿಯುತ್ತಾರೆ. ಇದು ದೊಡ್ಡ ಗಳಿಕೆ. ಗುಳ್ಳವ್ವನ ಮಂಗಳವಾರ ಶಾಲೆಯ ದಿನವೂ ಹೌದು. ಶಾಲೆ ಬಿಡಿಸಿ ಗುಳ್ಳವ್ವನನ್ನು ಉಳಿಸಬೇಕೆಂದು ಯಾವ ತಾಯಿಗೂ ನಾನು ಹೇಳಲಾರೆ.

ಹಾಗಾದರೆ ಶಾಲೆಯೇ ಅಂಗಳವಾಗಲಿ. ಪದ ಬಲ್ಲ ಅಜ್ಜಿಯೊಬ್ಬಳನ್ನು, ಹಿಂದೆ ಕಟ್ಟೆಯ ಮೇಲೆ ಕೂರಿಸಿದ್ದವಳನ್ನೂ, ಗೌರವಧನ ಕೊಟ್ಟು ಕರೆಸಿ ಸುತ್ತಿನ ನಡುವೆ ನಿಲ್ಲಿಸಲಿ. ನಮ್ಮ ಜಿಲ್ಲೆಯ ಗೊಟಗೋಡಿಯಲ್ಲಿ 2011ರಿಂದ ಜಾನಪದ ವಿಶ್ವವಿದ್ಯಾಲಯವಿದೆ. ಪದ, ಧಾಟಿ, ಹೆಜ್ಜೆ ಮೂರನ್ನೂ ಕೂಡಿಸಿ ಕಲಿಸುವ ದಾರಿಯನ್ನು ಮೇಷ್ಟರುಗಳಿಗೆ ತೋರಿಸಲು ಇದಕ್ಕಿಂತ ತಕ್ಕ ಜಾಗ ಯಾವುದು? ಹಲಸಂಗಿ ಗೆಳೆಯರು 1931ರಲ್ಲಿ 'ಗರತಿಯ ಹಾಡು' ಅಚ್ಚು ಹಾಕಿಸಿ ಹೆಣ್ಣುಮಕ್ಕಳ ಮಾತನ್ನು ಪುಸ್ತಕಕ್ಕೆ ತಂದರು. ಆದರೆ ಪುಸ್ತಕಕ್ಕೆ ಧಾಟಿ ಹಿಡಿಯಲು ಬರುವುದಿಲ್ಲ, ಅದಕ್ಕೆ ಕೊರಳೇ ಬೇಕು.

ಕೋಲಾಟಕ್ಕೆ ಅಂಕ ಕೊಡಲು ಕೂತವರಿಗೆ ನನ್ನದೊಂದು ಬೇಡಿಕೆ. ಹೆಜ್ಜೆ ಎಷ್ಟು ಒಂದೇ ಸಮ ಬಿತ್ತು ಎಂದು ಎಣಿಸುವ ಮೊದಲು, ಹಾಡುತ್ತಿರುವವರು ಯಾರು ಎಂದು ನೋಡಿ. ಒಬ್ಬಳು ತಪ್ಪಿದಾಗ ಹಾಡು ಅವಳಿಗಾಗಿ ಒಂದಿಷ್ಟು ತಡೆಯಿತೇ ಎಂದು ಕೇಳಿ. ಬ್ಯಾಡಗಿ ಕಡೆಯ ಆ ಅಂಗಳದಲ್ಲಿ ಹಾಡು ತಡೆದಿತ್ತು. ಮೂರನೆಯ ಪದದ ಹೊತ್ತಿಗೆ ಆ ಹತ್ತು ವರ್ಷದವಳೂ ಬಾಯಿ ತೆರೆದು ಹಾಡುತ್ತಿದ್ದಳು.