ಗಾಯಕಿಯ ಅಧಿಕಾರ: ಬೆಂಗಳೂರು ನಾಗರತ್ನಮ್ಮನವರ ಪ್ರತಿಭಟನೆಯ ಒಂದು ವಿಮರ್ಶೆ

ಕಲಾವಿದೆಯ ಪ್ರತಿಭಟನೆಯು ಎಲ್ಲ ಕಡೆಯೂ ಒಂದೇ ರೂಪವನ್ನು ತಾಳುವುದಿಲ್ಲ. ಬ್ರೆಜಿಲ್ ದೇಶದಲ್ಲಿ 1964ರಲ್ಲಿ ಸೇನೆಯು ಆಡಳಿತವನ್ನು ಕೈವಶ ಮಾಡಿಕೊಂಡಿತು. ಅದೇ ವರ್ಷದ ಡಿಸೆಂಬರಿನಲ್ಲಿ ನಾರಾ ಲಿಯಾವ್ ಎಂಬ ಗಾಯಕಿ ರಿಯೊ ನಗರದ ‘ಒಪಿನಿಯಾವ್’ ಎಂಬ ಗೀತಪ್ರದರ್ಶನದಲ್ಲಿ ಬಡವರ ಬವಣೆಯನ್ನು ಹಾಡಿದರು. ಅಲ್ಲಿ ಹಾಡೇ ಪ್ರತಿಭಟನೆಯಾಗಿತ್ತು. ಬೆಂಗಳೂರು ನಾಗರತ್ನಮ್ಮನವರ (1878–1952) ಮಾರ್ಗ ಇದಕ್ಕಿಂತ ಭಿನ್ನವಾದುದು. ಅವರ ಕಂಠದಲ್ಲಿ ಮೊಳಗಿದುದು ದೇವರನಾಮ, ಕೀರ್ತನೆಗಳು. ಅವರ ವಿವಾದವೆಲ್ಲ ಹಾಡುವವಳ ಅಧಿಕಾರವನ್ನು ಕುರಿತದ್ದು. ತ್ಯಾಗರಾಜರ ಸಮಾಧಿಮಂದಿರವನ್ನು ಕಟ್ಟಿಸಿದ ಪರಮಭಕ್ತೆ ಎಂಬ ಕೀರ್ತಿಯು ಈ ವಿವಾದವನ್ನು ಮರೆಮಾಡಿದೆ ಎಂಬುದೇ ಪ್ರಕೃತ ಲೇಖನದ ವಾದ.

ನಂಜನಗೂಡಿನಲ್ಲಿ ದೇವದಾಸಿ ಮನೆತನದಲ್ಲಿ ಹುಟ್ಟಿ, ಸಂಸ್ಕೃತ ಮತ್ತು ಸಂಗೀತಗಳಲ್ಲಿ ಪರಿಶ್ರಮ ಪಡೆದು, ಮದರಾಸಿನಲ್ಲಿ ನೆಲಸಿ ಕೀರ್ತಿ ಗಳಿಸಿದ ಈ ವಿದುಷಿ, 1910ರಲ್ಲಿ ಮುದ್ದುಪಳನಿಯ ‘ರಾಧಿಕಾ ಸಾಂತ್ವನಮು’ ಎಂಬ ತೆಲುಗು ಶೃಂಗಾರಕಾವ್ಯವನ್ನು ಸಂಪಾದಿಸಿ ಪ್ರಕಟಿಸಿದರು. ಮುದ್ದುಪಳನಿ ಹದಿನೆಂಟನೆಯ ಶತಮಾನದ ತಂಜಾವೂರು ಆಸ್ಥಾನದ ಗಣಿಕೆ, ಕವಯಿತ್ರಿ. ಹಿಂದಿನ ಮುದ್ರಣದಲ್ಲಿ ಹಲವು ಪದ್ಯಗಳೂ, ಕವಯಿತ್ರಿ ತನ್ನ ವಂಶವನ್ನು ಹೇಳಿಕೊಂಡ ಪೀಠಿಕಾಭಾಗವೂ ಲುಪ್ತವಾಗಿದ್ದುವು. ಪದ್ಯವನ್ನು ಅಳಿಸಿದವರು ನೀತಿಯ ಹೆಸರು ಹೇಳಬಹುದು. ವಂಶವೃತ್ತಾಂತವನ್ನು ಬಿಟ್ಟುದಕ್ಕೆ ಆ ನೆಪವೂ ಸಲ್ಲದು. ನಾಗರತ್ನಮ್ಮನವರು ಎರಡನ್ನೂ ಸೇರಿಸಿದರು. ಕಂದುಕೂರಿ ವೀರೇಶಲಿಂಗಂ ಅವರಂಥ ಸುಧಾರಕರು ಈ ಕಾವ್ಯವನ್ನು ಹಳಿದಿದ್ದರು. ಲಜ್ಜೆಯು ಹೆಂಗಸಿಗೆ ಮಾತ್ರ ವಿಧಿಸಿದ ಧರ್ಮವೇ, ಪುರುಷಕವಿಗಳ ಶೃಂಗಾರಕ್ಕೆ ಅದು ಅನ್ವಯಿಸದೆ ಎಂಬರ್ಥದ ಪ್ರಶ್ನೆಯನ್ನು ಇವರು ಮುನ್ನುಡಿಯಲ್ಲಿ ಎತ್ತಿದರು. ಗ್ರಂಥವು ಅಶ್ಲೀಲವೆಂಬ ಆಪಾದನೆಯ ಮೇಲೆ ಸರ್ಕಾರವು ಪ್ರತಿಗಳನ್ನು ವಶಪಡಿಸಿಕೊಂಡಿತು. ನಿಷೇಧವು ತೆರವಾದುದು 1947ರಲ್ಲಿ.

ತಿರುವೈಯಾರಿನಲ್ಲಿಯೂ ಇದೇ ಪ್ರಶ್ನೆ. 1847ರಲ್ಲಿ ದಿವಂಗತರಾದ ತ್ಯಾಗರಾಜರ ಸಮಾಧಿಯು ಪಾಳುಬಿದ್ದಿರಲು, ನಾಗರತ್ನಮ್ಮನವರು ಸ್ವಂತ ಹಣವನ್ನು ವೆಚ್ಚಮಾಡಿ ಮಂದಿರವನ್ನು ಕಟ್ಟಿಸಿದರು. 1925ರಲ್ಲಿ ಅದರ ಪ್ರತಿಷ್ಠೆಯಾಯಿತು. ಆರಾಧನೆಯನ್ನು ನಡೆಸುತ್ತಿದ್ದ ಪುರುಷರ ಪಕ್ಷಗಳೆರಡು; ತಮ್ಮೊಳಗೆ ವೈರವಿದ್ದರೂ ಸ್ತ್ರೀಯರು ಹಾಡಕೂಡದೆಂಬ ವಿಷಯದಲ್ಲಿ ಅವಕ್ಕೆ ಭೇದವಿರಲಿಲ್ಲ. ನಾಗರತ್ನಮ್ಮನವರು 1927ರಲ್ಲಿ ಸ್ತ್ರೀಯರದೇ ಮೂರನೆಯ ಪಕ್ಷವನ್ನು ಕಟ್ಟಿ ಆರಾಧನೆ ನಡೆಸಿದರು. 1940ರ ಸುಮಾರಿಗೆ ಪಕ್ಷಗಳು ಒಂದಾದಾಗ ಸ್ತ್ರೀಯರ ಗಾಯನಕ್ಕೂ ಅವಕಾಶ ದೊರೆಯಿತು. ಇದನ್ನು ಭಕ್ತಿಯ ವಿಜಯವೆಂದಷ್ಟೇ ವರ್ಣಿಸಿದರೆ ಅದರ ಹಿಂದಿನ ಸಂಘಟನೆಯನ್ನು ಕಡೆಗಣಿಸಿದಂತಾಗುತ್ತದೆ.

ವಿಮರ್ಶಕನಿಗೆ ನಿಜವಾದ ತೊಡಕು ಎದುರಾಗುವುದು ಮೂರನೆಯ ಪ್ರಸಂಗದಲ್ಲಿ. 1927ರಲ್ಲಿ ಡಾ. ಮುತ್ತುಲಕ್ಷ್ಮಿ ರೆಡ್ಡಿಯವರು ಮದರಾಸಿನ ಶಾಸನಸಭೆಯಲ್ಲಿ ದೇವದಾಸಿ ಪದ್ಧತಿಯ ವಿರುದ್ಧ ನಿರ್ಣಯ ಮಂಡಿಸಿದಾಗ, ನಾಗರತ್ನಮ್ಮನವರು ದೇವದಾಸಿಯರ ಸಂಘದ ಪರವಾಗಿ ಅದನ್ನು ವಿರೋಧಿಸಿದರು. ತಮ್ಮನ್ನು ವೇಶ್ಯೆಯರೊಡನೆ ಸಮೀಕರಿಸಬಾರದು, ತಮ್ಮ ವಿದ್ಯೆ ಮತ್ತು ಆಸ್ತಿಯ ಹಕ್ಕುಗಳನ್ನು ತಮ್ಮನ್ನು ಕೇಳದೆ ನಿರ್ಣಯಿಸಬಾರದು ಎಂಬುದು ಆ ವಿರೋಧದ ಸಾರ. ಇದನ್ನು ಪ್ರಗತಿವಿರೋಧವೆಂದು ತಳ್ಳಿಹಾಕುವುದು ಸುಲಭ, ಆದರೆ ನ್ಯಾಯವಲ್ಲ. ಹಾಗೆಂದು ಅದನ್ನು ಪೂರ್ಣವಾಗಿ ಸಮರ್ಥಿಸುವುದೂ ಸಾಧ್ಯವಿಲ್ಲ. ವಿದುಷಿಯರಿಗೆ ವಿದ್ಯೆಯನ್ನೂ ಆಸ್ತಿಯನ್ನೂ ಕೊಟ್ಟ ಅದೇ ಪದ್ಧತಿಯು, ಆಯ್ಕೆಯೇ ಇಲ್ಲದ ಬಾಲಿಕೆಯರನ್ನು ಗೆಜ್ಜೆಪೂಜೆಗೆ ಒಪ್ಪಿಸುತ್ತಿತ್ತು. ಆ ಬಾಲಿಕೆಯರ ಪರವಾಗಿ ನಿಂತವರು ಮುತ್ತುಲಕ್ಷ್ಮಿಯವರು. ಅವರ ತಾಯಿಯೂ ದೇವದಾಸಿ ಮನೆತನದವರೇ ಎಂಬುದನ್ನು ಮರೆಯಬಾರದು.

ಹೀಗೆ ನೋಡಿದಾಗ ಗ್ರಂಥ, ಸಮಾಧಿ, ಶಾಸನ ಈ ಮೂರು ಪ್ರಸಂಗಗಳ ಹಿಂದೆ ಇರುವ ವಾದ ಒಂದೇ: ಕಲೆಯನ್ನು ಸ್ವೀಕರಿಸುವ ಸಮಾಜವು ಕಲಾವಿದೆಯ ವಂಶವನ್ನೂ ವಿದ್ವತ್ತನ್ನೂ ಸ್ವೀಕರಿಸಬೇಕು. ಮೊದಲ ಎರಡರಲ್ಲಿ ಈ ವಾದವು ಹೊರಗುಳಿದವರಿಗೆ ಬಾಗಿಲು ತೆರೆಯಿತು. ಮೂರನೆಯದರಲ್ಲಿ, ತನಗಿಂತ ದುರ್ಬಲರಾದವರ ದನಿಯನ್ನು ಅದು ಕೇಳಿಸಿಕೊಳ್ಳಲಿಲ್ಲ. ನಾಗರತ್ನಮ್ಮನವರನ್ನು ಸಂತಳೆಂದು ಪೂಜಿಸುವವರೂ ಸಂಪ್ರದಾಯವಾದಿಯೆಂದು ದೂರುವವರೂ ಈ ಇಬ್ಬಗೆಯನ್ನು ಎದುರಿಸದೆ ಬಿಡುತ್ತಾರೆ. 1910ರ ಮುನ್ನುಡಿಯನ್ನೂ 1927ರ ವಿರೋಧವನ್ನೂ ಒಟ್ಟಿಗಿಟ್ಟು ಪರಿಶೀಲಿಸಿದಲ್ಲದೆ ಈ ಗಾಯಕಿಯ ಪ್ರತಿಭಟನೆಯ ಬೆಲೆಯಾಗಲಿ ಮಿತಿಯಾಗಲಿ ನಮ್ಮ ವಿದ್ಯಾರ್ಥಿಗಳಿಗೆ ಸ್ಪಷ್ಟವಾಗಲಾರದು.